ತಕ್ಕಡಿಯೂ ಕಲಶವೂ

(ಬಾಡಗಂಡಿಯಲ್ಲಿ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

  

ಇಂದು ದೀಕ್ಷಾಕಲ್ಯಾಣ. ರಾಜ್ಯ, ಭಂಡಾರ, ಪರಿವಾರಗಳೆಲ್ಲವನ್ನೂ ತೊರೆದು ಭಗವಂತನು ವನದ ಹಾದಿ ಹಿಡಿಯುವ ದಿನ. ಇಂಥ ದಿನ ಕಿರಾಣಿ ಅಂಗಡಿಯವನೊಬ್ಬನನ್ನು ವೇದಿಕೆಗೆ ಕರೆದು, ಗೃಹಸ್ಥನ ವ್ಯಾಪಾರಧರ್ಮದ ಮೇಲೆ ನಾಲ್ಕು ಮಾತು ಹೇಳೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಎಲ್ಲವನ್ನೂ ಬಿಡುವ ದಿನದಂದು ಕೊಳ್ಳುವ, ಮಾರುವ ಮಾತೇಕೆ ಎಂದು ನನಗೆ ಮೊದಲು ಸಂಕೋಚವಾಯಿತು. ಆದರೆ ಈ ಮಂಟಪದಲ್ಲಿ ತಾವು ಕಂಡ ದೃಶ್ಯಗಳ ಕ್ರಮವನ್ನು ನೆನೆದುಕೊಳ್ಳಿರಿ. ನೀಲಾಂಜನೆಯ ನೃತ್ಯಕ್ಕೂ ಸ್ವಾಮಿಯ ವೈರಾಗ್ಯಕ್ಕೂ ಮೊದಲು ರಾಜ್ಯಾಭಿಷೇಕ ನಡೆಯಿತು. ಕಲ್ಪವೃಕ್ಷಗಳು ಕ್ಷೀಣಿಸಿ ದಿಕ್ಕುಗಾಣದೆ ಬಂದ ಪ್ರಜೆಗಳಿಗೆ ಆದಿನಾಥಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದನು. 9ನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಈ ಪ್ರಸಂಗವಿದೆ. ಕೃಷಿಗೆ ಸಿಕ್ಕ ಗೌರವವೇ ವಾಣಿಜ್ಯಕ್ಕೂ ಸಿಕ್ಕಿದೆ. ಎರಡೂ ಒಂದೇ ಬಾಯಿಂದ ಬಂದ ವಿದ್ಯೆಗಳು. ಆದುದರಿಂದ ವ್ಯಾಪಾರಿಯಾಗಿ ಹುಟ್ಟಿದ್ದಕ್ಕೆ ನಾಚಬೇಕಾದುದಿಲ್ಲ. ನಾಚಬೇಕಾದ ಸಂಗತಿಗಳು ಬೇರೆ ಇವೆ.

ನಾನು ಶಾಸ್ತ್ರ ಓದಿದ ಪಂಡಿತನಲ್ಲ. ತಂದೆಯವರ ಅಂಗಡಿಯಲ್ಲಿ ಹತ್ತನೆಯ ವಯಸ್ಸಿಗೆ ಪೊಟ್ಟಣ ಕಟ್ಟಲು ಕುಳಿತವನು. ಅಲ್ಲಿಯೇ ನಡೆದ ಒಂದು ಸಂಗತಿಯಿಂದ ಮಾತು ಆರಂಭಿಸುತ್ತೇನೆ. ಇದಕ್ಕೆ ಈಗ ಸುಮಾರು ನಲವತ್ತು ವರ್ಷಗಳಾದವು.

ಆಗ ನಮ್ಮಲ್ಲಿ ವಿದ್ಯುತ್ತಿನ ಕಾಟಾ ಇರಲಿಲ್ಲ. ಮೇಲಿನಿಂದ ಇಳಿಬಿಟ್ಟ ಕಬ್ಬಿಣದ ತಕ್ಕಡಿ, ಎರಕದ ಕಬ್ಬಿಣದ ತೂಕದ ಕಲ್ಲುಗಳು. ಈ ಕಲ್ಲುಗಳನ್ನು ಬಲ್ಲವರಿಗೆ ಗೊತ್ತಿದೆ, ಅವುಗಳಲ್ಲಿ ಒಂದು ಕುಳಿ ಬಿಟ್ಟು ಅದರಲ್ಲಿ ಸೀಸ ತುಂಬಿರುತ್ತಾರೆ. ತೂಕ ಸರಿಹೊಂದಿಸುವುದು ಆ ಸೀಸದಿಂದಲೇ. ಸರಕಾರದ ಮುದ್ರೆ ಬೀಳುವುದೂ ಆ ಸೀಸದ ಮೇಲೆಯೇ. ತೂಕ ಮತ್ತು ಅಳತೆ ಇಲಾಖೆಯವರು ಗೊತ್ತಾದ ಅವಧಿಗೊಮ್ಮೆ ಪರೀಕ್ಷಿಸಿ ಹೊಸ ಮುದ್ರೆ ಒತ್ತುತ್ತಿದ್ದರು. ಒಂದು ಸಲ ಮುದ್ರೆಯ ದಿನ ಹತ್ತಿರ ಬಂತೆಂದು ನಾನು ಕಲ್ಲುಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಐದು ಕಿಲೋದ ಕಲ್ಲನ್ನು ಬೋರಲು ಹಾಕಿದರೆ ಕುಳಿ ಖಾಲಿ! ಸೀಸ ಎಲ್ಲಿಯೋ ಉದುರಿಹೋಗಿತ್ತು. ಕುಳಿಯ ತುಂಬ ಜೋಳದ ಹಿಟ್ಟೂ ಬೆಲ್ಲದ ಜಿಗುಟೂ ಸೇರಿ ಗಟ್ಟಿಯಾಗಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಕ್ಕದ ಅಂಗಡಿಯ ಕಲ್ಲು ತಂದು ತೂಗಿ ನೋಡಿದೆವು. ಸುಮಾರು 60 ಗ್ರಾಂ ಕಡಿಮೆ.

ನನಗಾಗ ಇಪ್ಪತ್ತರ ಹರೆಯ. ಸುಮ್ಮನೆ ಸೀಸ ಹಾಕಿಸಿ ಮುದ್ರೆ ಒತ್ತಿಸಿದರಾಯಿತು, ನಾವೇನು ಬೇಕೆಂದು ಮಾಡಿದ್ದೇ ಎಂದೆ. ಕಾನೂನಿನ ಪ್ರಕಾರ ನಾನು ಹೇಳಿದ್ದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ ಎಂದು ಈಗಲೂ ಅನಿಸುತ್ತದೆ. ಮುಂದಿನ ತೂಕ ಸರಿಯಾಗುತ್ತಿತ್ತು. ತಂದೆಯವರು ಕೇಳಿದ ಪ್ರಶ್ನೆ ಹಿಂದಿನದರ ಮೇಲೆ. "ತಮ್ಮಾ, ಇದು ಎಂದ ಬಿತ್ತು?" ಎಂದರು. ನನಗೆ ಗೊತ್ತಿಲ್ಲವೆಂದೆ. "ನನಗೂ ಗೊತ್ತಿಲ್ಲ. ಹಂಗಾದ್ರ ಹೋದ ಸಲ ಮುದ್ರಿ ಬಿದ್ದ ಮರುದಿನಾನ ಬಿದ್ದೈತಿ ಅಂತ ತಿಳೀಬೇಕು," ಎಂದರು.

ಈ ಒಂದು ಮಾತನ್ನು ತಾವು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಂಶಯ ಬಂದಾಗ ಅದರ ಲಾಭವನ್ನು ತನಗೆ ಬರೆದುಕೊಳ್ಳುವುದು ಲೋಕದ ರೂಢಿ. ಅವರು ಎದುರಿನವನಿಗೆ ಬರೆದರು.

ಮುಂದೆ ಲೆಕ್ಕ ತೆಗೆಯುವ ಕೆಲಸ. ಉದ್ರಿ ಗಿರಾಕಿಗಳ ವಿಷಯದಲ್ಲಿ ಅದು ಸುಲಭವಾಯಿತು. ಯಾರು ಎಂದು ಎಷ್ಟು ಜೋಳ, ಎಷ್ಟು ಅಕ್ಕಿ ಒಯ್ದರೆಂದು ಖಾತೆಯಲ್ಲಿಯೇ ಇತ್ತು. ಐದರ ಕಲ್ಲಿನಲ್ಲಿ ಎಷ್ಟು ಧಾರಣಿ, ಪ್ರತಿ ಧಾರಣಿಗೆ 60 ಗ್ರಾಂ (ನಮ್ಮ ಅಂಗಡಿಯಲ್ಲಿ ಐದು ಕಿಲೋಕ್ಕೆ ಧಾರಣಿ ಎನ್ನುತ್ತಿದ್ದೆವು), ಹೀಗೆ ಮೂರು ರಾತ್ರಿ ಕಂದೀಲಿನ ಬೆಳಕಿನಲ್ಲಿ ಕುಳಿತು ಒಬ್ಬೊಬ್ಬರ ಹೆಸರಿಗೆ ಇಷ್ಟಿಷ್ಟು ಜಮಾ ಹಾಕಿದೆವು. ಒಂದು ಕಿಲೋ, ಎರಡು ಕಿಲೋ ಒಯ್ಯುವ ಬಡವರಿಗೆ ಈ ಕಲ್ಲಿನಿಂದ ನಷ್ಟವಾಗಿರಲಿಲ್ಲವೆಂಬುದು ಸಮಾಧಾನದ ಸಂಗತಿ. ತೊಡಕಾದುದು ರೋಖ ಕೊಟ್ಟು ಐದೋ ಹತ್ತೋ ಕಿಲೋ ಒಯ್ದವರದು. ಅವರ ಹೆಸರು ಯಾವ ಕಿರ್ದಿಯಲ್ಲಿಯೂ ಇಲ್ಲ. ಆ ಮೊತ್ತವನ್ನು ಅಂದಾಜು ಮಾಡಿ ಬಸದಿಯ ಭಂಡಾರಕ್ಕೆ ಹಾಕೋಣವೆಂದು ನಮ್ಮ ತಾಯಿ ಹೇಳಿದರು. ತಂದೆಯವರು ಒಪ್ಪಲಿಲ್ಲ. ಮಂದಿಯ ಜೋಳವನ್ನು ದೇವರಿಗೆ ಕೊಟ್ಟು ನಾವು ಪುಣ್ಯ ಕಟ್ಟಿಕೊಳ್ಳುವುದು ಯಾವ ನ್ಯಾಯವೆಂದರು. ಕೊನೆಗೆ ಒಂದು ಹಲಗೆಯ ಮೇಲೆ ಸುಣ್ಣದಲ್ಲಿ ಸಂಗತಿಯನ್ನೆಲ್ಲ ಬರೆದು ಸಂತೆಯ ದಿನ ಅಂಗಡಿಯ ಮುಂದೆ ನಿಲ್ಲಿಸಿದರು. ಇಂಥ ತಾರೀಖಿನಿಂದ ಐದು ಕಿಲೋದ ತೂಕದಲ್ಲಿ ಇಷ್ಟು ಕಡಿಮೆ ಹೋಗಿದೆ, ಒಯ್ದವರು ಬಂದು ಹೇಳಿ ತುಂಬಿಸಿಕೊಳ್ಳಬೇಕು ಎಂದು.

ಈ ಕಥೆಯ ಕೊನೆಯಲ್ಲಿ ಊರವರೆಲ್ಲ ಮೆಚ್ಚಿ ನಮ್ಮ ಅಂಗಡಿಗೆ ಮುಗಿಬಿದ್ದರೆಂದು ತಾವು ನಿರೀಕ್ಷಿಸುತ್ತಿರಬಹುದು. ಹಾಗೆ ಆಗಲಿಲ್ಲ. ಬಂದವರಲ್ಲಿ ಕೆಲವರು ಒಯ್ದದ್ದಕ್ಕಿಂತ ಹೆಚ್ಚು ಹೇಳಿ ತುಂಬಿಸಿಕೊಂಡು ಹೋದರು. ಒಬ್ಬ ಮುದುಕಿ ಬಂದು, "ಯಪ್ಪಾ, ನಾ ಎರಡ ಸಲ ಒಯ್ದೇನಿ, ಅಷ್ಟ ಕೊಡು," ಎಂದು ಒಂದು ಹಿಡಿ ಜೋಳ ಸೆರಗಿನಲ್ಲಿ ಹಾಕಿಸಿಕೊಂಡು ಹೋದಳು. ನಮ್ಮ ಎಲ್ಲಕ್ಕೂ ದೊಡ್ಡ ಉದ್ರಿ ಗಿರಾಕಿ ಮಾತ್ರ ಕಟ್ಟೆಯ ಮೇಲೆ ನಿಂತು ಹತ್ತು ಜನ ಕೇಳುವಂತೆ, "ಅಲ್ರಿ ಸಾವಕಾರ್ರ, ಈ ಸಲದ್ದು ಸಿಕ್ಕಿತಂತ ಹೇಳಿದ್ರಿ. ಹಿಂದಿನ ಇಪ್ಪತ್ತು ವರ್ಷದ್ದು ಏನ್ರಿ?" ಎಂದರು. ತಂದೆಯವರ ಬಳಿ ಉತ್ತರವಿರಲಿಲ್ಲ. ಆ ಮನೆಯವರು ಅಂದಿನಿಂದ ನಮ್ಮಲ್ಲಿ ವ್ಯವಹಾರ ಬಿಟ್ಟರು. ಆ ಹಿರಿಯರು ತೀರಿಕೊಳ್ಳುವವರೆಗೂ ನಮ್ಮ ಕಟ್ಟೆ ಹತ್ತಲಿಲ್ಲ. ಆ ವರ್ಷ ದೀಪಾವಳಿಯಲ್ಲಿ ಖಾತೆ ಪೂಜೆಗೆ ಕುಳಿತಾಗ ಹಳೆಯ ಪುಸ್ತಕದ ಕೊನೆಯ ಪುಟದಲ್ಲಿ ನಷ್ಟವೇ ಇತ್ತು.

ಹೀಗಿರುವಾಗ ಸತ್ಯದಿಂದ ವ್ಯಾಪಾರ ಬೆಳೆಯುತ್ತದೆ, ಪ್ರಾಮಾಣಿಕತೆಯೇ ಉತ್ತಮ ಬಂಡವಾಳ ಎಂದೆಲ್ಲ ಸಭೆಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬೆಳೆದರೂ ಬೆಳೆಯಬಹುದು, ಕುಗ್ಗಿದರೂ ಕುಗ್ಗಬಹುದು. ಲಾಭಕ್ಕಾಗಿ ಹಿಡಿದ ಸತ್ಯವು ಲಾಭ ತಪ್ಪಿದ ದಿನ ಕೈಬಿಡುತ್ತದೆ. ನಮ್ಮ ಆಚಾರ್ಯರು ಅದನ್ನು ಲಾಭದ ಖಾತೆಯಲ್ಲಿ ಬರೆಯಲಿಲ್ಲ, ವ್ರತದ ಖಾತೆಯಲ್ಲಿ ಬರೆದರು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತಾವು ಪರ್ಯೂಷಣದಲ್ಲಿ, ದಶಲಕ್ಷಣ ಪರ್ವದಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಅಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳನ್ನು ಓದುವಾಗ ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ. ಯಾರೋ ಸಂತೆಯ ಬೀದಿಯಲ್ಲಿ ನಡೆಯುತ್ತ ಅಂಗಡಿಗಳ ಒಳಗೆ ಇಣುಕಿ ಬರೆದಂತಿದೆ. ಕಳ್ಳನಿಗೆ ಪ್ರೇರಣೆ ಕೊಡುವುದು ಸ್ತೇನಪ್ರಯೋಗ. ಕದ್ದು ತಂದ ಮಾಲನ್ನು ಕೊಳ್ಳುವುದು ತದಾಹೃತಾದಾನ. ಇಂದು ಬಡವರಿಗೆಂದು ಸರಕಾರ ಕೊಟ್ಟ ಪಡಿತರದ ಅಕ್ಕಿ ಚೀಲ ಬದಲಿಸಿಕೊಂಡು ಅಂಗಡಿಗೆ ಬರುವುದುಂಟು. ಬೆಲೆ ಕಡಿಮೆಯೆಂದು ಕಣ್ಣು ಮುಚ್ಚಿ ಕೊಂಡವನು ತಾನು ಕದ್ದಿಲ್ಲವೆಂದು ಹೇಳಿಕೊಂಡರೆ ಸೂತ್ರವು ಒಪ್ಪುವುದಿಲ್ಲ. ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು ವಿರುದ್ಧರಾಜ್ಯಾತಿಕ್ರಮ. ಕಚ್ಚಾ ಚೀಟಿಯಾದರೆ ಒಂದು ಬೆಲೆ, ಪಕ್ಕಾ ಬಿಲ್ಲಾದರೆ ಇನ್ನೊಂದು ಬೆಲೆ ಎನ್ನುವ ನಮ್ಮ ರೂಢಿ 2017ರಲ್ಲಿ ಜಿಎಸ್‌ಟಿ ಬಂದ ಮೇಲೂ ನಿಂತಿಲ್ಲ. ನಾಲ್ಕನೆಯದು ಹೀನಾಧಿಕಮಾನೋನ್ಮಾನ, ಕೊಡುವಾಗ ಕಡಿಮೆ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ. ಐದನೆಯದು ಪ್ರತಿರೂಪಕ ವ್ಯವಹಾರ, ಒಂದರಂತೆ ಕಾಣುವ ಇನ್ನೊಂದನ್ನು ಬೆರೆಸಿ ಮಾರುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಹೆಸರು ಸ್ವಲ್ಪ ಬದಲಾಗಿ ಇವೇ ದೋಷಗಳು ಬರುತ್ತವೆ.

ನಾಲ್ಕನೆಯದು ಮತ್ತು ಐದನೆಯದು ನಮ್ಮ ಸೀಮೆಗೆ ಹೆಚ್ಚು ಸಂಬಂಧಪಟ್ಟವು. ತಕ್ಕಡಿ ಹೋಗಿ ಕಾಟಾ ಬಂತು, ಇನ್ನು ಮೋಸವಿಲ್ಲವೆಂದು ಜನ ತಿಳಿದರು. ಕಾಟಾದ ಅಂಕಿ ಕಾಣುವ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕುಳಿತ ಅಂಗಡಿಕಾರರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಮಿಠಾಯಿಯನ್ನು ರಟ್ಟಿನ ಡಬ್ಬಿಯ ಸಹಿತ ತೂಗುವುದು ಇನ್ನೊಂದು. ಪೇಢೆಯ ಬೆಲೆಗೆ ರಟ್ಟನ್ನು ಮಾರುವುದು! 2009ರ ಕಾನೂನುಮಾಪನ ಶಾಸ್ತ್ರ ಕಾಯಿದೆ, ಅದಕ್ಕೂ ಮೊದಲಿನ 1976ರ ಕಾಯಿದೆ ಇವೆಲ್ಲ ಇರುವುದು ಇದಕ್ಕಾಗಿಯೇ. ಆದರೆ ಇನ್ಸ್‌ಪೆಕ್ಟರರು ಬರುವುದು ವರ್ಷಕ್ಕೊಂದು ಸಲ. ಗಿರಾಕಿ ಬರುವುದು ದಿನವೂ.

ಈಗ ಬೆಲ್ಲದ ಮಾತು. ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರು ಮಹಾರಾಷ್ಟ್ರ, ಗುಜರಾತಗಳವರೆಗೂ ಹೋಗಿದೆ. ಈ ಸಭೆಯಲ್ಲಿ ಕಬ್ಬು ಬೆಳೆಯುವವರಿದ್ದೀರಿ, ಗಾಣ ನಡೆಸುವವರಿದ್ದೀರಿ, ಅಡತಿ ಅಂಗಡಿಯವರಿದ್ದೀರಿ. ಹಿಂದೆ ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಬೆಂಡೆಯ ಗಿಡದ ಲೋಳೆ ಹಾಕಿ ಕಸ ತೆಗೆಯುತ್ತಿದ್ದರು. ಅಳತೆಗೆ ತಕ್ಕ ಸುಣ್ಣ ಹಾಕುತ್ತಿದ್ದರು. ಬೆಲ್ಲ ಕಂದಾಗಿಯೇ ಬರುತ್ತಿತ್ತು. ಬಂಗಾರದ ಬಣ್ಣದ ಪೆಂಟೆಗೆ ಹೆಚ್ಚಿನ ಬೆಲೆ ಬರಲಾರಂಭಿಸಿದ ಮೇಲೆ ಹೈಡ್ರೋಸ್ ಎಂಬ ಪುಡಿ ಗಾಣಕ್ಕೆ ಬಂತು. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಆಹಾರ ಸುರಕ್ಷತೆಯ ನಿಯಮವು ಅದಕ್ಕೆ ಹತ್ತು ಲಕ್ಷದಲ್ಲಿ 70 ಪಾಲು ಎಂಬ ಮಿತಿಯನ್ನಿಟ್ಟಿದೆ. ಕೆಲವೆಡೆ ಬೆಲ್ಲದ ಪಾಕಕ್ಕೆ ಸಕ್ಕರೆಯನ್ನೇ ಸುರಿಯುತ್ತಾರೆಂಬ ದೂರೂ ಇದೆ. ಇದು ಶುದ್ಧ ಪ್ರತಿರೂಪಕ ವ್ಯವಹಾರ.

ಆದರೆ ಗಾಣದವನನ್ನು ಬೈದು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಅವನು ಕಂದು ಬೆಲ್ಲ ತಂದರೆ ಪೇಟೆಯಲ್ಲಿ ಕ್ವಿಂಟಲ್ಲಿಗೆ ಬೆಲೆ ಇಳಿಸುವವರು ಯಾರು? ಹಳದಿ ಪೆಂಟೆಯೇ ಬೇಕೆಂದು ಕೇಳುವ ಗಿರಾಕಿ ಯಾರು? ನನ್ನ ಅಂಗಡಿಯಲ್ಲಿ ಎರಡೂ ಬಗೆಯ ಬೆಲ್ಲ ಇಡುತ್ತೇನೆ. ಹಳದಿಯದನ್ನು ತೋರಿಸಿ, ಇದಕ್ಕೆ ಪುಡಿ ಹಾಕಿದೆ ಎಂದು ಕೇಳುವ ಮೊದಲೇ ಹೇಳುತ್ತೇನೆ. ಹೇಳಿದ ಮೇಲೂ ಬಹಳ ಜನ ಅದನ್ನೇ ಒಯ್ಯುತ್ತಾರೆ. ಅದನ್ನು ಇಡುವುದೇ ತಪ್ಪೆಂದು ನನ್ನ ಮಗಳು ವಾದಿಸುತ್ತಾಳೆ. ಮಿತಿಯೊಳಗಿರುವ ಮಾಲನ್ನು ಹೇಳಿ ಮಾರುವುದು ಮೋಸವಲ್ಲವೆಂಬುದು ನನ್ನ ಸಮಜಾಯಿಷಿ. ಆದರೆ ಪ್ರತಿ ಪೆಂಟೆಯೂ ಮಿತಿಯೊಳಗಿದೆಯೆಂದು ನಾನು ಹೇಗೆ ಬಲ್ಲೆ? ಅವಳ ಮಾತಿಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲವೆಂದು ಮುನಿಗಳ ಸನ್ನಿಧಿಯಲ್ಲಿ ಒಪ್ಪಿಕೊಳ್ಳುತ್ತೇನೆ.

ರೈತಬಂಧುಗಳೂ ಬೇಸರಪಡಬಾರದು. ಚೀಲದ ಬಾಯಲ್ಲಿ ದಪ್ಪ ಕಾಳು, ತಳದಲ್ಲಿ ಜೊಳ್ಳು ತುಂಬುವುದೂ ಇದೇ ಅತಿಚಾರದ ಲೆಕ್ಕಕ್ಕೆ ಸೇರುತ್ತದೆ. ಮಾರುವವನೆಲ್ಲ ಆ ಗಳಿಗೆಯ ಮಟ್ಟಿಗೆ ವ್ಯಾಪಾರಿಯೇ.

ಈಗಿನ ಪತ್ರಿಕೆಗಳಲ್ಲಿ ಪಾರದರ್ಶಕತೆ ಎಂಬ ಶಬ್ದ ಬಹಳ ಬಳಕೆಯಲ್ಲಿದೆ. ನಮ್ಮ ಹಿರಿಯರು ಲೆಕ್ಕ ಬಿಚ್ಚಿಡುವುದು ಎನ್ನುತ್ತಿದ್ದರು. ಇದು ಸುಳ್ಳು ಹೇಳದಿರುವುದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅಡತಿ ಪೇಟೆಗಳಲ್ಲಿ ಹಿಂದೆ ಬೆಲೆ ಹೇಗೆ ಕುದುರುತ್ತಿತ್ತೆಂಬುದನ್ನು ಹಿರಿಯರು ಬಲ್ಲರು. ದಲಾಲನೂ ಖರೀದಿದಾರನೂ ಒಂದು ವಸ್ತ್ರದ ಕೆಳಗೆ ಕೈ ಸೇರಿಸಿ, ಬೆರಳುಗಳನ್ನು ಹಿಡಿದು ಬೆಲೆ ಹೇಳಿಕೊಳ್ಳುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲಿಯೇ ಕುಳಿತಿದ್ದರೂ ಅವನಿಗೆ ಕಾಣುತ್ತಿದ್ದುದು ವಸ್ತ್ರ ಮಾತ್ರ. ಅಲ್ಲಿ ಯಾರೂ ಬಾಯಿಂದ ಸುಳ್ಳಾಡುತ್ತಿರಲಿಲ್ಲ, ನಿಜ! ಮುಂಬಯಿ ಪ್ರಾಂತದ 1939ರ ಮಾರುಕಟ್ಟೆ ಕಾಯಿದೆ, ಆಮೇಲೆ ನಮ್ಮ ರಾಜ್ಯದ 1966ರ ಕಾಯಿದೆ ಇವುಗಳ ಫಲವಾಗಿ ನಿಯಂತ್ರಿತ ಪೇಟೆಗಳಲ್ಲಿ ಬಹಿರಂಗ ಲಿಲಾವು ಬಂತು. ರೈತನಿಂದ ಕಮಿಷನ್ ಹಿಡಿಯಬಾರದು, ಖರೀದಿದಾರನಿಂದಲೇ ಪಡೆಯಬೇಕು ಎಂಬ ಕಟ್ಟಳೆ ಬಂತು. ಆದರೂ ಪಟ್ಟಿಯ ಮೇಲೆ ಒಂದು, ಕೈಗೆ ಕೊಡುವಾಗ ಇನ್ನೊಂದು. ಸೂಟು ಎಂದು ತೂಕದಲ್ಲಿ ಕಡಿತ, ಮಾದರಿ ಎಂದು ಹಿಡಿ ಹಿಡಿ ತೆಗೆಯುವುದು, ಇವು ಅಲ್ಲಲ್ಲಿ ಉಳಿದುಕೊಂಡಿವೆ. ವಸ್ತ್ರ ಹೋಯಿತು, ಅದರ ಕೆಳಗಿನ ಕೈ ಇನ್ನೂ ಇದೆ.

ಗೊಬ್ಬರದ ಅಂಗಡಿಗಳಲ್ಲಿ ದಾಸ್ತಾನು ಮತ್ತು ಬೆಲೆಯ ಫಲಕ ತೂಗುಹಾಕಬೇಕು, ಕೊಂಡವನಿಗೆ ರಸೀದಿ ಕೊಡಬೇಕು ಎಂದು 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿಯೇ ಇದೆ. ಫಲಕವೇನೋ ಇರುತ್ತದೆ. ಯೂರಿಯಾ ಬೇಕಾದರೆ ಈ ಡಬ್ಬಿಯನ್ನೂ ಒಯ್ಯಬೇಕು ಎಂಬ ಮಾತು ಮಾತ್ರ ಫಲಕದ ಮೇಲೆ ಬರೆದಿರುವುದಿಲ್ಲ. ಆ ವ್ಯಾಪಾರ ಮಾಡುವ ಬಂಧುಗಳು, ಕಂಪನಿಯವರೇ ನಮಗೆ ಹಾಗೆ ಅಂಟಿಸಿ ಕಳಿಸುತ್ತಾರೆಂದು ನನ್ನೆದುರು ಹಲವು ಸಲ ಗೋಳು ಹೇಳಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಹಾಗಿದ್ದರೆ ಅದನ್ನೇ ಫಲಕದ ಮೇಲೆ ಬರೆಯಬಾರದೇಕೆ?

ಲೆಕ್ಕ ಬಿಚ್ಚಿಟ್ಟ ಒಬ್ಬ ಜೈನ ವ್ಯಾಪಾರಿಯ ವೃತ್ತಾಂತ ಇಲ್ಲಿ ನೆನಪಾಗುತ್ತದೆ. ಸಮಯಸಾರ ನಾಟಕವನ್ನು ಹಿಂದಿಯಲ್ಲಿ ರಚಿಸಿದ ಬನಾರಸೀದಾಸರ ಹೆಸರನ್ನು ಸ್ವಾಧ್ಯಾಯ ಮಾಡುವವರು ಬಲ್ಲರು. 1586ರಲ್ಲಿ ಜೌನಪುರದಲ್ಲಿ ಹುಟ್ಟಿದ ಅವರು 1641ರಲ್ಲಿ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಆಗ್ರಾದಲ್ಲಿ ತಮ್ಮ ಜೀವನಕಥೆಯನ್ನು ಪದ್ಯರೂಪದಲ್ಲಿ ಬರೆದರು. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂದು ಗಣಿಸಿ ಅದಕ್ಕೆ ಅರ್ಧಕಥಾನಕ ಎಂದು ಹೆಸರಿಟ್ಟರು. ಅದರಲ್ಲಿ ಅವರು ತಮ್ಮ ನಷ್ಟಗಳನ್ನೂ ಮೂರ್ಖತನಗಳನ್ನೂ ಮುಚ್ಚಿಡದೆ ಹೇಳಿದ್ದಾರೆ. ತಂದೆ ಕೊಟ್ಟ ಸರಕನ್ನು ತೆಗೆದುಕೊಂಡು ಯುವಕನಾಗಿ ಆಗ್ರಾಕ್ಕೆ ಹೋದರು. ಉಡುಪಿನ ಲಾಡಿಯಲ್ಲಿ ಕಟ್ಟಿಕೊಂಡಿದ್ದ ರತ್ನಗಳು ಎಲ್ಲಿಯೋ ಜಾರಿಬಿದ್ದವು, ಉಳಿದುದರಲ್ಲಿಯೂ ನಷ್ಟವಾಯಿತು. ಕೈಯಲ್ಲಿ ಕಾಸಿಲ್ಲದೆ ಒಬ್ಬ ಕಚೋರಿ ಮಾರುವವನಲ್ಲಿ ದಿನವೂ ಉದ್ರಿ ಕಚೋರಿ ತಿನ್ನತೊಡಗಿದರು. ಕೆಲವು ದಿನ ಕಳೆದ ಮೇಲೆ ಅವನನ್ನು ಒಂಟಿಯಾಗಿ ಕಂಡು, ನನ್ನಲ್ಲಿ ಏನೂ ಉಳಿದಿಲ್ಲ, ನೀನು ಇನ್ನು ಉದ್ರಿ ಕೊಡಬೇಡ ಎಂದು ತಾವೇ ಹೇಳಿದರು. ಆ ಕಚೋರಿಯವನು ಇಪ್ಪತ್ತು ರೂಪಾಯಿಯವರೆಗೂ ತಿನ್ನು, ಚಿಂತೆಯಿಲ್ಲ ಎಂದನು. ಆರೇಳು ತಿಂಗಳಾದ ಮೇಲೆ ಲೆಕ್ಕ ನೋಡಿದರೆ 14 ರೂಪಾಯಿಯಾಗಿತ್ತು. ಬನಾರಸೀದಾಸರು ಅದನ್ನು ತೀರಿಸಿದರು.

ಇಲ್ಲಿ ಸಾಲಗಾರನು ತನ್ನ ಬರಿಗೈಯನ್ನು ತಾನೇ ತೋರಿಸಿದನು. ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ವ್ಯಾಪಾರ ಕುಸಿದಾಗ ಹೊಸ ಮೋಟಾರು ಕೊಂಡು, ಮಗಳ ಮದುವೆಯನ್ನು ಇಮ್ಮಡಿ ವೈಭವದಿಂದ ಮಾಡಿ, ಒಳಗೆ ಏನೂ ಆಗಿಲ್ಲವೆಂದು ತೋರಿಸುತ್ತೇವೆ. ಕೊನೆಗೆ ಬಾಗಿಲಿಗೆ ಬೀಗ ಬಿದ್ದ ದಿನ ಠೇವು ಇಟ್ಟ ವಿಧವೆಯರೂ ನಿವೃತ್ತರೂ ಬೀದಿಯಲ್ಲಿ ನಿಲ್ಲುತ್ತಾರೆ.

ಠೇವಿನ ಮಾತು ಬಂದಾಗ ಸತ್ಯಘೋಷನನ್ನು ಬಿಡಲಾಗದು. ರತ್ನಕರಂಡಕದಲ್ಲಿ ಅಸತ್ಯಕ್ಕೆ ದೃಷ್ಟಾಂತವಾಗಿ ಅವನ ಹೆಸರು ಬಂದಿದೆ. ಕಥೆಯನ್ನು ತಾವು ಚಿಕ್ಕಂದಿನಿಂದ ಕೇಳಿದ್ದೀರಿ. ಸಿಂಹಪುರದ ಪುರೋಹಿತ ಶ್ರೀಭೂತಿ ಜನಿವಾರಕ್ಕೆ ಒಂದು ಕತ್ತರಿಯನ್ನು ಕಟ್ಟಿಕೊಂಡು, ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ತಿರುಗಾಡುತ್ತಿದ್ದನು. ಆದುದರಿಂದಲೇ ಅವನಿಗೆ ಸತ್ಯಘೋಷನೆಂಬ ಹೆಸರು. ಅದನ್ನು ನಂಬಿ ವರ್ತಕನೊಬ್ಬ ಐದು ರತ್ನಗಳನ್ನು ಅವನಲ್ಲಿಟ್ಟು ಸಮುದ್ರಯಾನಕ್ಕೆ ಹೋದನು. ಹಡಗೊಡೆದು ಬರಿಗೈಯಲ್ಲಿ ಮರಳಿ ಬಂದು ಕೇಳಿದರೆ, ಇವನಿಗೆ ಹುಚ್ಚು ಹಿಡಿದಿದೆ ಎಂದುಬಿಟ್ಟನು. ವರ್ತಕನು ಅರಮನೆಯ ಬಳಿಯ ಮರವೇರಿ ತಿಂಗಳುಗಟ್ಟಲೆ ಕೂಗಿದನು. ರಾಣಿ ರಾಮದತ್ತೆಗೆ ಮಾತ್ರ, ದಿನವೂ ಒಂದೇ ಮಾತನ್ನು ಒಂದೇ ಬಗೆಯಾಗಿ ಹೇಳುವವನು ಹುಚ್ಚನಿರಲಾರನು ಎನ್ನಿಸಿತು. ಪಗಡೆಯಾಟದ ನೆಪದಲ್ಲಿ ಅವಳು ಪುರೋಹಿತನ ಗುರುತಿನ ವಸ್ತುಗಳನ್ನು ಗೆದ್ದು, ಅವನ್ನು ತೋರಿಸಿ ಅವನ ಹೆಂಡತಿಯಿಂದ ರತ್ನಗಳನ್ನು ತರಿಸಿದಳು.

ಸತ್ಯಘೋಷನ ಶಿಕ್ಷೆಯ ಭಾಗವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮೊದಲಿನ ಒಂದು ಘಟ್ಟದಲ್ಲಿ. ರಾಜನು ಆ ಐದು ರತ್ನಗಳನ್ನು ತನ್ನ ಭಂಡಾರದ ರತ್ನಗಳ ರಾಶಿಯಲ್ಲಿ ಬೆರೆಸಿ, ನಿನ್ನವನ್ನು ಆರಿಸಿಕೋ ಎಂದು ವರ್ತಕನಿಗೆ ಹೇಳುತ್ತಾನೆ. ಸರ್ವಸ್ವವನ್ನೂ ಕಳೆದುಕೊಂಡವನು, ತಿಂಗಳುಗಟ್ಟಲೆ ಹುಚ್ಚನೆನಿಸಿಕೊಂಡವನು, ಎದುರಿಗೆ ತನ್ನವಕ್ಕಿಂತ ಹೆಚ್ಚು ಬೆಲೆಯ ರತ್ನಗಳ ರಾಶಿ. ಅವನು ತನ್ನ ಐದನ್ನೇ ಆರಿಸಿಕೊಂಡು ಕೈ ಹಿಂತೆಗೆದನು. ಕತ್ತರಿ ಕಟ್ಟಿಕೊಂಡು ತಿರುಗಿದವನು ಒಬ್ಬ, ಆರಿಸುವಾಗ ಕೈ ತಡೆದವನು ಇನ್ನೊಬ್ಬ. ನಮ್ಮ ಅಂಗಡಿಗಳ ಮೇಲೆ ಪ್ರಾಮಾಣಿಕ ವ್ಯಾಪಾರ, ಒಂದೇ ಮಾತು ಒಂದೇ ಬೆಲೆ ಎಂಬ ಫಲಕಗಳನ್ನು ಕಂಡಾಗ ನನಗೆ ಆ ಕತ್ತರಿಯ ನೆನಪಾಗುತ್ತದೆ.

ಇನ್ನು ಬಸದಿಗೆ ಬರುತ್ತೇನೆ. ನಮ್ಮ ಜಿಲ್ಲೆಯ ಐಹೊಳೆಗೆ ತಾವು ಹೋಗಿದ್ದೀರಿ. ಮೇಗುತಿಯ ಜಿನಾಲಯದಲ್ಲಿ 634ರ ರವಿಕೀರ್ತಿಯ ಶಾಸನವನ್ನು ನೋಡಿದ್ದೀರಿ. ಅದೇ ಊರು ಮುಂದೆ ಅಯ್ಯಾವೊಳೆಯ ಐನೂರ್ವರೆಂಬ ಮಹಾ ವರ್ತಕಸಂಘಕ್ಕೆ ತನ್ನ ಹೆಸರನ್ನು ಕೊಟ್ಟಿತು. ತೇರದಾಳದಲ್ಲಿ 12ನೆಯ ಶತಮಾನದಲ್ಲಿ ಮಾಂಡಲಿಕ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದಾಗ ಅಲ್ಲಿಯ ಶಾಸನದಲ್ಲಿ ಅರಸರ ಜೊತೆಗೆ ಈ ವರ್ತಕರ ಹೆಸರೂ ಬಂದಿತು. ಆ ಕಾಲದ ವರ್ತಕರು ದೇವಾಲಯಗಳಿಗೆ ಬಿಟ್ಟ ದತ್ತಿಗಳನ್ನು ಶಾಸನಗಳಲ್ಲಿ ಓದಿದರೆ ಒಂದು ವಿಶೇಷ ಕಾಣುತ್ತದೆ. ಯಥಾಶಕ್ತಿ ಕೊಟ್ಟರು ಎಂದು ಬರೆದು ಬಿಟ್ಟಿಲ್ಲ. ಒಂದು ಹೇರಿಗೆ ಇಷ್ಟು ಎಲೆ, ಒಂದು ಗಾಣಕ್ಕೆ ಇಷ್ಟು ಸೊಲಗೆ ಎಣ್ಣೆ ಎಂದು ಅಳತೆ ಹಾಕಿ, ಕಲ್ಲಿನ ಮೇಲೆ ಕೊರೆಯಿಸಿ, ದೇವಾಲಯದ ಎದುರಿಗೆ ನಿಲ್ಲಿಸಿದ್ದಾರೆ. ದಾರಿಹೋಕನೂ ನಿಂತು ಓದಬಹುದು. ಈ ದೀಪದ ಎಣ್ಣೆ ಯಾರ ಗಾಣದ್ದು, ಎಷ್ಟು ಬರಬೇಕು, ಬಂದಿತೋ ಇಲ್ಲವೋ ಎಂದು ಕೇಳಬಹುದು. ನಮ್ಮ ತಂದೆಯವರು ನಿಲ್ಲಿಸಿದ ಸುಣ್ಣದ ಹಲಗೆಯ ಅಣ್ಣನೆಂದರೆ ಆ ಶಾಸನದ ಕಲ್ಲು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಇಟ್ಟಿದ್ದಾರೆ. ದಾನ, ಪೂಜೆ ಎಲ್ಲವೂ ಅದರ ನಂತರ. ಮೂರು ದಿನಗಳಿಂದ ಈ ಮಂಟಪದಲ್ಲಿ ಸವಾಲುಗಳು ನಡೆದಿವೆ. ಸೌಧರ್ಮೇಂದ್ರನಾಗುವ ಭಾಗ್ಯಕ್ಕೆ, ಪ್ರಥಮ ಕಲಶಕ್ಕೆ, ತೊಟ್ಟಿಲು ತೂಗುವುದಕ್ಕೆ ತಾವು ಉತ್ಸಾಹದಿಂದ ಕೂಗಿದ್ದೀರಿ. ಸಂತೋಷ. ಕೂಗಿದ ಮೊತ್ತವು ಯಾವ ತಕ್ಕಡಿಯಿಂದ ಬಂತೆಂದು ಕೇಳುವ ಅಧಿಕಾರ ನನಗಿಲ್ಲ. ಅವರವರು ಮಲಗುವ ಮೊದಲು ಪ್ರತಿಕ್ರಮಣದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಆದರೆ ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳುತ್ತೇನೆ. ನಮ್ಮ ಸೀಮೆಯ ಎಷ್ಟೋ ಬಸದಿಗಳ ಪುಸ್ತಕಗಳಲ್ಲಿ ಹಿಂದಿನ ಸವಾಲುಗಳ ಬಾಕಿ ಹಾಗೆಯೇ ಉಳಿದಿದೆ. ಸಭೆಯಲ್ಲಿ ಚಪ್ಪಾಳೆ ಪಡೆದವರ ಹೆಸರು ಅಮೃತಶಿಲೆಯ ಮೇಲೆ ಬಂದಿದೆ, ಹಣ ಬಂದಿಲ್ಲ. ಗಿರಾಕಿ ಹೀಗೆ ಮಾಡಿದರೆ ನಾವು ಅವನ ಮನೆಗೆ ಎಷ್ಟು ಸಲ ಹೋಗುತ್ತೇವೆ? ದೇವರು ವಸೂಲಿಗೆ ಬರುವುದಿಲ್ಲವೆಂಬ ಧೈರ್ಯವೋ ಏನೋ.

ಸಮಿತಿಯವರಲ್ಲಿಯೂ ಒಂದು ವಿನಂತಿ. ಮಹೋತ್ಸವ ಮುಗಿದ ಒಂದು ತಿಂಗಳೊಳಗೆ ಜಮಾ-ಖರ್ಚನ್ನು ಬರೆದು ಬಸದಿಯ ಹೊರಗೋಡೆಯ ಮೇಲೆ, ಹೆಣ್ಣುಮಕ್ಕಳೂ ಮಕ್ಕಳೂ ಓದುವಂತೆ ದೊಡ್ಡ ಅಕ್ಷರಗಳಲ್ಲಿ ಹಚ್ಚಿರಿ. ಮಂಟಪದವನಿಗೆ ಎಷ್ಟು, ಅಡುಗೆಯವನಿಗೆ ಎಷ್ಟು, ಎಷ್ಟು ಬಾಕಿ, ಯಾರ ಬಾಕಿ ಎಲ್ಲವೂ ಇರಲಿ. ಮುಖಂಡರ ಹೆಸರು ಬಂದರೆ ಹೇಗೆ ಎಂದು ಅಂಜಬೇಡಿರಿ. ಆ ಹೆಸರುಗಳಲ್ಲಿ ನನ್ನದೂ ಒಂದಿದೆ. ನೆರೆಯೂರಿನ ಒಂದು ಪ್ರತಿಷ್ಠೆಯಲ್ಲಿ ನಾಲ್ಕು ವರ್ಷಗಳ ಹಿಂದೆ ನಾನು ಹಿಡಿದ ಕಲಶದ ಹಣದಲ್ಲಿ ಅರ್ಧ ಮಾತ್ರ ಮುಟ್ಟಿದೆ. ಈ ಉಪನ್ಯಾಸವನ್ನು ಬರೆದುಕೊಳ್ಳಲು ಕುಳಿತ ರಾತ್ರಿ ಅದು ನೆನಪಾಯಿತು. ಅಲ್ಲಿಯವರೆಗೆ ನೆನಪಾಗಿರಲಿಲ್ಲವೆಂದು ಹೇಳಿದರೆ ಅದು ನಿಜವಾಗದು. ಉಳಿದ ಹಣವನ್ನು ತಂದಿದ್ದೇನೆ. ಆ ಊರಿನ ಬಸದಿಯ ಖಜಾಂಚಿಯವರು ಇದೇ ಸಭೆಯಲ್ಲಿದ್ದಾರೆ. ಕೆಳಗಿಳಿದ ಕೂಡಲೇ ಅವರಿಗೆ ಕೊಟ್ಟು ರಸೀದಿ ಪಡೆಯುತ್ತೇನೆ.